ಟೀಚರಮ್ಮನ ಕಾಲಿನ ರಾಗ

ನಮ್ಮ ಟೀಚರಮ್ಮನ ಹಿಮ್ಮಡಿಗಳು ಬೇಸಿಗೆಯ ಎರೆಹೊಲದಂತೆ ಬಿರಿದಿದ್ದವು. ನುಡಿಸುವ ಮೊದಲು ಒದ್ದೆ ಬಟ್ಟೆಯಿಂದ ಪಾದ ಒರೆಸಿ, ಸೀರೆಯ ನೆರಿಗೆ ತುಸು ಮೇಲಕ್ಕೆ ಸಿಕ್ಕಿಸಿ ಕೂಡುವರು.

ಶಾಲೆಯಲ್ಲಿ ಹಾಡು ಕಲಿಸಿ ನಿವೃತ್ತರಾದವರು. ಯಾದಗಿರಿಯ ನಮ್ಮ ಚರ್ಚಿನಲ್ಲಿ ಹಾರ್ಮೋನಿಯಂ ಅವರದೇ. ಕೊಳವೆಗಳ ದೊಡ್ಡ ಆರ್ಗನ್ನನ್ನು ಕಣ್ಣಾರೆ ಕಂಡವರಲ್ಲ. ಆದರೆ ಪರದೇಶದ ಅಂಥದೊಂದು ಆರ್ಗನ್ನಿನ ದನಿಯೆಲ್ಲ ಅವರ ಮನೆಯ ಕಂಪ್ಯೂಟರಿನಲ್ಲಿತ್ತು. ಅದಕ್ಕೆ ಜೋಡಿಸಿದ್ದು ಒಂದರ ಮೇಲೊಂದು ಎರಡು ಕೀಬೋರ್ಡು, ಕಾಲಿಂದ ಒತ್ತಲು ಕೆಳಗೆ ಕಟ್ಟಿಗೆಯ ಪಟ್ಟಿಗಳು. ಪಟ್ಟಿ ಮಾಡಿದ ಶಹಾಪುರದ ಬಡಿಗ ಚಾಚಾ, "ಮಗ್ಗ ಹೂಡಾಕತ್ತೀರೇನ್ರಿ?" ಎಂದು ಕೇಳಿದರೆ, "ಹೌದ್ರಿ ಚಾಚಾ, ಹಾಡ ನೇಯಾಕ" ಎಂದಿದ್ದರು.

ಸಭೆ ಹಾಡುವ ಮುನ್ನ ಅದೇ ಕೀರ್ತನೆಯನ್ನು ಬಿಡಿಸಿ ನುಡಿಸುವ ಪದ್ಧತಿಯೊಂದಿದೆ. ಕೈಗಳು ಎಲ್ಲೆಲ್ಲೋ ಸುತ್ತಾಡುತ್ತವೆ. ರಾಗ ಮಾತ್ರ ಕಾಲಿನಲ್ಲಿ ಸಾಲುಸಾಲಾಗಿ, ನಡುನಡುವೆ ನಿಂತು ಬರುತ್ತದೆ. ಟೀಚರಮ್ಮನಿಗೆ ಅದರದೇ ಹುಚ್ಚು. ನನಗೂ ಕಲಿಸಿದರು. ತಪ್ಪಿದಾಗೆಲ್ಲ, "ಕಾಲಿಗೂ ಕಿವಿ ಇರಬೇಕು ತಂಗಿ" ಅನ್ನುವರು. ನಾನೋ, ಹಾಡೋದಂದ್ರೆ ಮುಂದು, ಕಾಲಿನ ಅಭ್ಯಾಸಕ್ಕೆ ಹಿಂದು.

ಒಂದು ಭಾನುವಾರ, ಎಲ್ಲರಿಗೂ ಗೊತ್ತಿದ್ದ ಕೀರ್ತನೆಯೊಂದನ್ನು ಹಾಗೆ ಬಿಡಿಸಿ ನುಡಿಸಲೆಂದು ಎಲ್ಲವನ್ನೂ ಆಟೋದಲ್ಲಿ ಚರ್ಚಿಗೆ ತಂದರು. "ಮಂದಿ ಸುಮ್ನ ಕುಂತು ಒಮ್ಮಿ ಪೂರಾ ಕೇಳಿದ್ರ ಸಾಕವ್ವ" ಎಂದು ನನಗಷ್ಟೇ ಹೇಳಿದರು, ಸಭೆಗೆ ಹೇಳಲು ಸಂಕೋಚ. ನಮ್ಮಲ್ಲಿ ಗೊತ್ತಿದ್ದ ರಾಗ ಕಿವಿಗೆ ಬಿದ್ದರೆ ಬಾಯಿ ಮುಚ್ಚಿ ಕೂಡುವುದುಂಟೇ? ಮೊದಲ ಸಾಲು ಬಂದಿತೋ ಇಲ್ಲವೋ ಎಲ್ಲರೂ ಎದ್ದು ಹಾಡಿದೆವು, ಅಭ್ಯಾಸಬಲದಿಂದ ನಾನೂ. ಸಾಲು ಮುಗಿದು ರಾಗ ನಿಂತಿತು, ನಾವು ನಿಲ್ಲಲಿಲ್ಲ. ಅರ್ಧ ಮಂದಿ ತಡವರಿಸಿದರು, ಯಾರೋ ನಕ್ಕರು. ಟೀಚರಮ್ಮ ತಟ್ಟನೆ ಆ ನೇಯ್ಗೆಯನ್ನೆಲ್ಲ ಬಿಟ್ಟು ನಮ್ಮ ಜೊತೆಗೇ ಸಾದಾ ನುಡಿಸಿಬಿಟ್ಟರು.

ಹೊರಗೆ ಅವರ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ. "ನಾಚಿಕಿ ಯಾಕವ್ವ? ಹಾಡಾಕಂತನ ಬಂದಾರ ಮಂದಿ. ಕೇಳೋದು ಮುಂದೊಮ್ಮಿ ಆಗ್ಲಿ" ಎಂದರು.

ಆ ಮುಂದೊಮ್ಮೆ ಬರುವಷ್ಟರಲ್ಲಿ ಅವರೇ ಹೋದರು. ಶವಪೆಟ್ಟಿಗೆಯ ಪಕ್ಕದಲ್ಲಿ ಅದೇ ಕೀರ್ತನೆಯನ್ನು ಅವರಂತೆಯೇ ಬಿಡಿಸಿ ನುಡಿಸಲು ನಾನು ಕೂತೆ, ಬಲ್ಲವರು ಬೇರೆ ಯಾರಿದ್ದರು? ಎರಡನೇ ಸಾಲಿಗೇ ಪಾದ ಎರಡು ಪಟ್ಟಿಗಳ ಮೇಲೆ ಬಿತ್ತು. ನೆಲ ಬಿರಿಯಬಾರದೇ ಅನ್ನಿಸಿತು. ದೇವರೇ, ಯಾರಾದರೂ ಎದ್ದು ಹಾಡಲಿ, ನನ್ನ ತಪ್ಪು ಮುಚ್ಚಿಹೋಗಲಿ ಎಂದು ಬೇಡಿಕೊಂಡೆ.

ಒಬ್ಬರೂ ಏಳಲಿಲ್ಲ. ಕೊನೆಯ ಸಾಲಿನವರೆಗೂ ಎಲ್ಲರೂ ಸುಮ್ಮನೆ ಕೂತು ಪೂರಾ ಕೇಳಿದರು.