ಅವ್ವನ ಹಾಡು ತೆಗೆದ ದಿನ

ಬೆಟಗೇರಿಯ ನಾವು ನಾಲ್ವರು ಗೆಳೆಯರು ಕೂಡಿ ಮಾಡಿದ ಹಾರ್ಡ್ ರಾಕ್ ಆಲ್ಬಮ್ ಆನ್‌ಲೈನಿನಲ್ಲಿ ಹೊರಬಂದು ವಾರವಾಗಿತ್ತು. ಕೇಳಿದವರು ಎಂಟು ಹಾಡುಗಳಲ್ಲಿ ಏಳನ್ನು ‘ಬರೇ ಚೀರಾಟ’ ಎಂದು ಬರೆದರು. ಎಲ್ಲರೂ ಮೆಚ್ಚಿದ್ದು ಕೊನೆಯದನ್ನು. ಅದರಲ್ಲಿ ಅವ್ವನ ದನಿಯಿತ್ತು. ನಮ್ಮೂರು ಸೊರಟೂರಿನ ಮನೆಯಲ್ಲಿ ಜೋಳ ಹಸನು ಮಾಡುತ್ತ ಆಕೆ ಹಾಡಿಕೊಳ್ಳುತ್ತಿದ್ದುದನ್ನು ನಾನು ಕದ್ದು ಮೊಬೈಲಿನಲ್ಲಿ ಹಿಡಿದು, ಸ್ಟುಡಿಯೋದಲ್ಲಿ ಗಿಟಾರ್, ಡ್ರಮ್ಸ್ ಕೂಡಿಸಿದ್ದೆ.

ಹೊಗಳಿಕೆ ಹೆಚ್ಚಿದಂತೆ ನನ್ನ ಅಳುಕೂ ಹೆಚ್ಚಿತು. ಬೇರೆ ಯಾರಾದರೂ ಹೇಳುವ ಮೊದಲು ನಾನೇ ಊರಿಗೆ ಹೋಗಿ ಕೇಳಿಸಿದೆ. ಹಾಡು ಮುಗಿಯುವವರೆಗೂ ಅವ್ವ ಕೈಯಲ್ಲಿದ್ದ ಮೊರವನ್ನು ಕೆಳಗಿಡಲಿಲ್ಲ.

“ಇದು ತೀರಿಹೋದ ನಿಮ್ಮಕ್ಕನ ನೆನೆಸಿ ಕಟ್ಟಿದ್ದಲೇ, ಮಂದಿಗಲ್ಲ. ನನ್ನ ಒಂದ್ ಮಾತು ಕೇಳಬೇಕಂತ ಅನಿಸಲಿಲ್ಲೇನು?” ಎಂದಳು.

“ತಪ್ಪಾತು ಬೇ ಯವ್ವಾ. ತಗಿಸ್ತೀನಿ” ಎಂದೆ.

ಸುದ್ದಿ ತಿಳಿದು ಡ್ರಮ್ಸ್ ಬಾರಿಸುವ ಗೆಳೆಯ ಫೋನಿನಲ್ಲಿ ಕೂಗಾಡಿದ.

“ಅದೊಂದ ಹಾಡು ನಮ್ಮನ್ನ ಉಳಿಸೈತಿ. ತಗದ್ರ ನಾ ಬ್ಯಾಂಡ್ ಬಿಡ್ತೀನಿ, ಖರೆ ಹೇಳ್ತೀನಿ.”

ಆದರೂ ಅಂದೇ ತೆಗೆಸಿದೆ. ಅವನು ಬಿಟ್ಟೇ ಬಿಟ್ಟ. ಆ ಹಾಡು ಎಲ್ಲಿ ಹೋಯಿತೆಂದು ಜನ ಈಗಲೂ ಕೇಳುತ್ತಾರೆ. ಅವ್ವ ನನ್ನೊಡನೆ ಮೊದಲಿನಂತೆಯೇ ಮಾತಾಡುತ್ತಾಳೆ. ನಾನು ಮನೆಯಲ್ಲಿದ್ದಾಗ ಹಾಡುವುದನ್ನು ಮಾತ್ರ ಬಿಟ್ಟಿದ್ದಾಳೆ.