ಜರ್ಮನ್ ಗಾಡಿಯ ಹಳದಿ ದೀಪ

ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಬಾಯಿಂದ ಹೇಳುವುದಿಲ್ಲ. ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನನ್ನ ಅವ್ವ ಹೆದರಿಸುತ್ತಿದ್ದಳು. ನಾನು ಮಕ್ಕಳಿಗೆ ವಿಜ್ಞಾನ ಕಲಿಸುವ ಶಿಕ್ಷಕಿ, ಇಂಥದ್ದನ್ನೆಲ್ಲ ನಂಬುವವಳಲ್ಲ. ಆದರೂ ಮದುವೆಯಾಗಿ ಇಪ್ಪತ್ತೆಂಟು ವರ್ಷ ಹೇಳಿರಲಿಲ್ಲ. ಬ್ಯಾಂಕಿನಲ್ಲಿ ಕೇಳಿದರೆ ಚೀಟಿಯಲ್ಲಿ ಬರೆದು ಮುಂದೆ ಸರಿಸುತ್ತಿದ್ದೆ. ಮನೆಯಲ್ಲಿ 'ರೀ' ಎಂಬ ಒಂದೇ ಅಕ್ಷರದ ಮೇಲೆ ಸಂಸಾರ ನಡೆದಿತ್ತು. ಅದೇ ರೂಢಿಯಿಂದಲೋ ಏನೋ, ಮನೆಗೆ ಬಂದ ಕಾರಿನ ಹೆಸರನ್ನೂ ನಾನು ಹೇಳಲಿಲ್ಲ. ಸೇಡಂನ ನಮ್ಮ ಓಣಿಯವರು ಅದನ್ನು ಜರ್ಮನ್ ಗಾಡಿ ಎಂದರು, ನಾನೂ ಹಾಗೇ ಅಂದೆ.

ನನ್ನವರು ಆದಿತ್ಯನಗರದ ಸಿಮೆಂಟ್ ಕಾರ್ಖಾನೆಯಲ್ಲಿ ಭಟ್ಟಿ ನೋಡುವ ಕೆಲಸದಲ್ಲಿದ್ದರು. ಕಣ್ಣಿಗೆ ನೀಲಿ ಗಾಜು ಹಿಡಿದು, ಕಿಂಡಿಯಿಂದ ಒಳಗಿನ ಬೆಂಕಿ ನೋಡಿ, ಬಣ್ಣದ ಮೇಲೆ ಕಾವು ಎಷ್ಟಿದೆ ಎಂದು ಹೇಳುತ್ತಿದ್ದರು. ಯಂತ್ರ ಬೇರೆ ಲೆಕ್ಕ ತೋರಿಸಿದರೂ ಸಾಹೇಬರು ಇವರ ಕಣ್ಣನ್ನೇ ನಂಬುತ್ತಿದ್ದರಂತೆ. ಯಂತ್ರ ಜೋಡಿಸಲು ಒಮ್ಮೆ ಜರ್ಮನಿಯವರು ಬಂದಿದ್ದರು. ಅವರ ಬೋಲ್ಟು, ಅವರ ಪಾನಾ, ಅವರ ಶಿಸ್ತು ನೋಡಿ ಇವರಿಗೆ ಹುಚ್ಚು ಹಿಡಿಯಿತು. ನಿವೃತ್ತಿಯಾದ ಮೇಲೆ ಹೈದರಾಬಾದಿಗೆ ಹೋಗಿ, ಒಬ್ಬ ಡಾಕ್ಟರು ಐದು ವರ್ಷ ಓಡಿಸಿದ ಕಾರನ್ನು ಕೊಂಡು ತಂದರು.

ನನಗೆ ಮೊದಲ ದಿನದಿಂದಲೂ ಆ ಗಾಡಿಯ ಭಯ. ಅದು ಸದ್ದೇ ಮಾಡುತ್ತಿರಲಿಲ್ಲ. ನಮ್ಮ ಬಸ್ಸು, ಟಂಟಂ ಎಲ್ಲ ಒದರುತ್ತ ಬರುತ್ತವೆ, ಜನ ಪಕ್ಕಕ್ಕೆ ಸರಿಯುತ್ತಾರೆ. ಇದು ಬೆಕ್ಕಿನಂತೆ ಬಂದು ಹಿಂದೆ ನಿಲ್ಲುತ್ತಿತ್ತು. ಹೊಟ್ಟೆ ಬೇರೆ ನೆಲಕ್ಕೆ ಹತ್ತಿರ. ತೆಂಗಳಿ ದಾಟಿ ನನ್ನ ತವರು ಕೊಡ್ಲಿಗೆ ಮೊದಲ ಸಲ ಹೋದಾಗ, ಪ್ರತಿ ರಸ್ತೆ ಉಬ್ಬಿಗೂ ಇವರು ಗಾಡಿ ನಿಲ್ಲಿಸಿ, "ಸ್ವಲ್ಪ ಇಳಿ, ತಳಾ ಬಡೀತದ" ಎನ್ನುತ್ತಿದ್ದರು. ನಾನು ರೇಷ್ಮೆ ಸೀರೆ ಎತ್ತಿ ಹಿಡಿದು ಇಳಿಯಬೇಕು, ಗಾಡಿ ಉಬ್ಬು ದಾಟಬೇಕು, ಮತ್ತೆ ಹತ್ತಬೇಕು. ಕೊಡ್ಲಿ ಮುಟ್ಟುವಷ್ಟರಲ್ಲಿ ಅರ್ಧ ದಾರಿ ನಡೆದೇ ಬಂದಂತಾಗಿತ್ತು. ನನ್ನ ಅಣ್ಣ ಇದನ್ನು ಕೇಳಿ, "ತಂಗೀ, ಮುಂದಿನ ಸಲ ಬಸ್ಸಿಗೆ ಬಾ, ಆರಾಮ ಆಗ್ತದ" ಎಂದು ನಕ್ಕ.

ಸೇಡಂನ ಮೇಸ್ತ್ರಿ ಒಮ್ಮೆ ಬಾನೆಟ್ ತೆಗೆದು ಒಳಗೆಲ್ಲ ಮುಚ್ಚಿದ್ದನ್ನು ನೋಡಿ, "ಸಾಹೇಬ್ರ, ಇದರಾಗ ನನಗ ನೀರ ಹಾಕೋ ಬಾಯಿ ಒಂದ ಕಾಣ್ಲಿಕತ್ತದ ನೋಡ್ರಿ. ಉಳಿದಿದ್ದು ನಿಮಗ, ದೇವರಿಗ ಬಿಟ್ಟಿದ್ದು" ಎಂದು ಕೈಮುಗಿದಿದ್ದ. ಸಣ್ಣ ರಿಪೇರಿಗೂ ಹೈದರಾಬಾದೇ ಗತಿ. ಇವರಿಗೆ ಅದೂ ಒಂದು ಜಂಬ. ಅಂಗಳಕ್ಕೆ ಶಹಾಬಾದಿನ ಪರ್ಸಿ ಕಲ್ಲು ಹಾಸಿಸಿ ಗಾಡಿಗೆ ಜಾಗ ಮಾಡಿದರು. ದಿನಾ ಬೆಳಿಗ್ಗೆ ಬೂದಿ ಬಣ್ಣದ ಧೂಳು ಒರೆಸುತ್ತಿದ್ದರು. ಯಾರೇ ಮನೆಗೆ ಬರಲಿ, ಚಹಾದ ಜೊತೆ ಆ ಕಂಪನಿಯ ಚರಿತ್ರೆಯನ್ನೂ ಕುಡಿಸಿ ಕಳಿಸುತ್ತಿದ್ದರು.

ಆ ಚರಿತ್ರೆಯಲ್ಲಿ ನನಗೆ ಇಷ್ಟವಾದದ್ದು ಒಂದೇ ತುಣುಕು. ನೂರು ವರ್ಷಕ್ಕೂ ಹಿಂದಿನ ಮಾತು. ಕಂಪನಿ ಕಟ್ಟಿದ ಮನುಷ್ಯ ಮೂರು ಗಾಲಿಯ ಗಾಡಿ ಮಾಡಿದ್ದ, ಆದರೆ ದೂರ ಒಯ್ಯಲು ಅವನಿಗೇ ಧೈರ್ಯವಿರಲಿಲ್ಲ. ಒಂದು ಬೆಳಿಗ್ಗೆ ಅವನ ಹೆಂಡತಿ, ಗಂಡನಿಗೆ ಒಂದು ಮಾತೂ ಹೇಳದೆ, ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಗಾಡಿ ಹೊರಡಿಸಿಯೇಬಿಟ್ಟಳು. ದಾರಿಯಲ್ಲಿ ಎಣ್ಣೆ ಮುಗಿದಾಗ ಔಷಧದ ಅಂಗಡಿಯಲ್ಲಿ ಕೊಂಡಳು. ನಳಿಗೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ಬ್ರೇಕು ಸವೆದಾಗ ಚಪ್ಪಲಿ ಹೊಲಿಯುವವನಿಂದ ಚರ್ಮ ಹಾಕಿಸಿದಳು. "ಎಲ್ಲಿಗಿ ಹೋದಳು ಗೊತ್ತೇನ್ರಿ? ತವರಮನಿಗಿ! ಜಗತ್ತಿನಾಗ ಕಾರು ಮೊದಲ ಸಲ ದೂರ ಹೋಗಿದ್ದು ಒಬ್ಬ ಹೆಣ್ಣಮಗಳ ತವರಮನಿಗಿ" ಎಂದು ಇವರು ತೊಡೆ ತಟ್ಟಿ ಹೇಳುತ್ತಿದ್ದರು. ನಾನು ಒಳಗಿನಿಂದ ಕೇಳುತ್ತಿದ್ದೆ.

ದೀಪಾವಳಿ ಮುಗಿದ ವಾರ ಗಾಡಿಯಲ್ಲಿ ಸ್ಟೇರಿಂಗಿನ ಹಿಂದೆ, ಏನೋ ಕೆಟ್ಟಿದೆ ಎಂದು ಎಚ್ಚರಿಸುವ ಒಂದು ಹಳದಿ ದೀಪ ಹತ್ತಿತು. ಪಕ್ಕದಲ್ಲಿ ಕುಳಿತ ನನಗೆ ಕಂಡಿತು.

"ರೀ, ದೀಪ ಹತ್ಯಾದ."

"ಎಲ್ಲಿ? ಏನೂ ಇಲ್ಲ."

ನನಗೆ ಸಿಟ್ಟು ಬಂತು. ಗಾಡಿಗೆ ಏನೂ ಆಗುವುದಿಲ್ಲ ಎಂಬ ಜಂಬಕ್ಕೆ ಕಣ್ಣೆದುರಿನ ದೀಪವನ್ನೂ ಇಲ್ಲ ಎನ್ನುತ್ತಾರಲ್ಲ ಎಂದು ಒಂದು ವಾರ ಮಾತಿಗೆ ಮಾತು ಬೆಳೆಸಿದೆ. ಕೊನೆಗೆ ಒಂದು ಭಾನುವಾರ ಅವರು ಗಾಡಿಯ ಬಾಗಿಲು ತೆಗೆದು, "ಬಾ, ಎಲ್ಲಿ ಅದ ತೋರಸು. ಇಲ್ಲೇನು? ಇಲ್ಲೇನು?" ಎಂದು ಗಾಜಿನ ಮೇಲೆ ಬೆರಳಿಟ್ಟು ಹುಡುಕಿದರು. ಬೆರಳು ದೀಪದ ಪಕ್ಕದಲ್ಲೇ ಓಡಾಡುತ್ತಿತ್ತು. ಉಗುರಿನ ಮೇಲೆ ಹಳದಿ ಬೆಳಕು ಬಿದ್ದಿತ್ತು. ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರಿಗೆ ಕಾಣುತ್ತಿರಲಿಲ್ಲ.

ಅಷ್ಟು ದಿನ ನೋಡಿಯೂ ನೋಡದ ಸಂಗತಿಗಳೆಲ್ಲ ಒಂದೊಂದಾಗಿ ನೆನಪಾದವು. ಗಾಡಿ ಒರೆಸಿದಾಗ ಅಲ್ಲಲ್ಲಿ ಧೂಳು ಹಾಗೇ ಉಳಿಯುತ್ತಿದ್ದದ್ದು. ಪೇಪರಿನಲ್ಲಿ ದಪ್ಪಕ್ಷರ ಮಾತ್ರ ಓದಿ ಮಡಚಿಡುತ್ತಿದ್ದದ್ದು. ಹೊತ್ತು ಮುಳುಗಿದ ಮೇಲೆ ಗಾಡಿ ತೆಗೆಯುವುದನ್ನು ಬಿಟ್ಟು, ಹೆಡ್‌ಲೈಟು ತುಟ್ಟಿ, ಯಾಕೆ ಸುಡಬೇಕು ಎಂದದ್ದು. ಹನ್ನೆರಡು ವರ್ಷದಿಂದ ಅವರಿಗೆ ಸಕ್ಕರೆ ಕಾಯಿಲೆ ಇತ್ತು. ಕಣ್ಣು ತೋರಿಸಿ ಬರೋಣ ಎಂದರೆ, "ಬೆಂಕಿ ನೋಡಿದ ಕಣ್ಣದು, ಏನಾಗ್ತದ ಅದಕ" ಎಂದು ಎದ್ದು ಹೋಗುತ್ತಿದ್ದರು.

ನಾನು ನೇರವಾಗಿ ಹೇಳಲಿಲ್ಲ. ಹೇಳಲು ಹೆದರಿದೆ, ಅದು ನಿಜ. ಕಣ್ಣಿನ ಮೇಲೆ ಬದುಕಿದ ಮನುಷ್ಯನಿಗೆ ನಿಮಗೆ ಕಣ್ಣು ಕಾಣುತ್ತಿಲ್ಲ ಎಂದು ಹೇಗೆ ಹೇಳುವುದು? ಹೇಳಿದರೆ ಅವರು ಕುಸಿಯುತ್ತಾರೆ, ಹೇಳದಿದ್ದರೆ ಯಾರನ್ನೋ ಕೆಡವುತ್ತಾರೆ. ಅತ್ತ ದರಿ, ಇತ್ತ ಪುಲಿ. ಅದಕ್ಕೆ ಒಂದು ಕಳ್ಳದಾರಿ ಹಿಡಿದೆ. ಶಾಲೆಯಲ್ಲಿ ತರಬೇತಿ ಇದೆ ಎಂದು ಸುಳ್ಳು ಹೇಳಿ, ಶಾಲೆ ಬಿಟ್ಟ ಮೇಲೆ ಸೇಡಂನ ಡ್ರೈವಿಂಗ್ ಸ್ಕೂಲಿಗೆ ಹೋಗತೊಡಗಿದೆ. ಐವತ್ತು ದಾಟಿದ ಕಾಲು ಕ್ಲಚ್ಚಿನ ಮೇಲೆ ಥರಥರ ನಡುಗುತ್ತಿತ್ತು. "ಟೀಚರ್, ಗೇರ್ ಕಡಿ ನೋಡಬ್ಯಾಡ್ರಿ, ರೋಡ್ ಕಡಿ ನೋಡ್ರಿ" ಎಂದು ಕಲಿಸುವವರು ದಿನಾ ಬೈದರು. ಮೂರು ತಿಂಗಳಿಗೆ ಲೈಸೆನ್ಸ್ ಬಂತು. ಅದನ್ನು ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ಮುಚ್ಚಿಟ್ಟೆ. ಆದರೆ ಮನೆಯ ಗಾಡಿಯ ಕೀಲಿ ಕೇಳುವ ಧೈರ್ಯ ಮಾತ್ರ ಬರಲಿಲ್ಲ.

ಅಷ್ಟರಲ್ಲಿ ಮಗಳನ್ನು ಹೆರಿಗೆಗೆ ಕರೆತರುವ ದಿನ ಬಂತು. ಅವಳನ್ನು ವಾಡಿಗೆ ಕೊಟ್ಟಿದ್ದೇವೆ, ಅಳಿಯ ರೈಲ್ವೆಯಲ್ಲಿದ್ದಾನೆ. ಕುಬಸದ ಶಾಸ್ತ್ರ ಆಗಿತ್ತು, ಏಳು ತಿಂಗಳು ತುಂಬಿತ್ತು. ನಾನು ಎಷ್ಟು ಸುತ್ತು ಬಳಸಿ ಹೇಳಿದೆನೋ.

"ರೈಲಿಗಿ ಹೋಗಿ ಬರೋಣ್ರಿ, ಆರಾಮ ಆಗ್ತದ."

"ಮನ್ಯಾಗ ಜರ್ಮನ್ ಗಾಡಿ ಇಟಗೊಂಡು, ಬಸರ ಹೆಂಗಸಿಗಿ ರೈಲಿನಾಗ ತರೂದೇನು? ಮಂದಿ ನಗ್ತಾರ."

"ಮತ್ತ ಬಾಡಿಗಿ ಡ್ರೈವರ್‌ನ ಕರೀರಿ."

"ಯಾಕ? ನನಗೇನ ಆಗ್ಯಾದ?"

ಅವರು ನನ್ನ ಮುಖವನ್ನೇ ನೋಡಿದರು. ನೋಡಿದರೋ, ನೋಡಿದಂತೆ ಮಾಡಿದರೋ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹೋಗುವಾಗ ನಾವಿಬ್ಬರೇ, ಬರುವಾಗ ಆ ಗಾಡಿಯಲ್ಲಿ ಮಗಳು ಇರುತ್ತಾಳೆ, ಅವಳ ಹೊಟ್ಟೆಯಲ್ಲಿ ಇನ್ನೊಂದು ಜೀವ ಇರುತ್ತದೆ. ಬಾಯಿ ಬಿಡದಿದ್ದರೆ ಕಂಡೂ ಕಂಡೂ ಮಗಳನ್ನು ಬಾವಿಗೆ ನೂಕಿದಂತೆ. ವಾಡಿ ಮುಟ್ಟುವುದರೊಳಗೆ ಹೇಳಿಯೇ ತೀರಬೇಕು ಎಂದು ಗಟ್ಟಿ ಮಾಡಿಕೊಂಡು, ಡಬ್ಬಿಯ ಹಿಂದಿನ ಲೈಸೆನ್ಸನ್ನು ತೆಗೆದು ಚೀಲದಲ್ಲಿ ಹಾಕಿಕೊಂಡೆ.

ಬೆಳಿಗ್ಗೆ ಒಂಬತ್ತಕ್ಕೆ ಹೊರಟೆವು. ಮಳಖೇಡದ ತನಕ ನಾನೇ ಅವರ ಕಣ್ಣಾಗಿ ಕುಳಿತೆ. "ರೀ, ಉಬ್ಬು ಬಂತು." "ರೀ, ಎಮ್ಮಿ ಅದಾವ." "ರೀ, ಎದುರಿಗಿ ಟ್ಯಾಂಕರ್." ಹೊಲಗಳಲ್ಲಿ ತೊಗರಿ ಕೊಯ್ದ ಕೂಳೆ ಮಾತ್ರ ಉಳಿದಿತ್ತು, ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಸಿಮೆಂಟ್ ಲಾರಿಗಳು ಒಂದರ ಹಿಂದೆ ಒಂದು. ಪ್ರತಿ ಲಾರಿ ದಾಟಿದಾಗಲೂ ನಾನು ಸೀಟಿನ ಅಂಚನ್ನು ಉಗುರು ನಾಟುವಂತೆ ಹಿಡಿಯುತ್ತಿದ್ದೆ. "ಎಷ್ಟು ರೀ ರೀ ಅಂತಿ? ಸುಮ್ಮ ಕೂಡು" ಎಂದು ಅವರು ಗದರಿದರು. ಆಮೇಲೆ ನಾನು ರೀ ಎಂದರೂ ಅವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಚಿತ್ತಾಪುರ ಇನ್ನೂ ಸ್ವಲ್ಪ ದೂರವಿತ್ತು. ಮುಂದೆ ಒಂದು ಲಾರಿ ಕೆಟ್ಟು ನಿಂತಿತ್ತು. ನಮ್ಮ ಕಡೆ ಮಾಡುವಂತೆ ಹಿಂದೆ ನಾಲ್ಕು ಕಲ್ಲು, ಒಂದು ಬೇವಿನ ಟೊಂಗೆ ಇಟ್ಟಿದ್ದರು. ಹಿಂದಿನ ಗಾಲಿಯ ಹತ್ತಿರ, ಲಾರಿಯ ಅಡಿಯಿಂದ ಎರಡು ಕಾಲು ರಸ್ತೆಗೆ ಚಾಚಿದ್ದವು. ಯಾರೋ ಮಲಗಿ ರಿಪೇರಿ ಮಾಡುತ್ತಿದ್ದರು. ಕಾಲಲ್ಲಿ ನೀಲಿ ಹವಾಯಿ ಚಪ್ಪಲಿ ಇತ್ತು.

"ರೀ."

ಗಾಡಿಯ ವೇಗ ಇಳಿಯಲಿಲ್ಲ.

"ರೀ! ರೀ!"

ಟೊಂಗೆಯ ಮೇಲೆ ಗಾಲಿ ಹಾಯ್ದ ಸದ್ದು ಕೇಳಿತು. ಆಗ ನನ್ನ ಬಾಯಿಂದ ಅವರ ಹೆಸರು ಬಂತು. ನಾನು ಕೂಗಬೇಕೆಂದು ಕೂಗಿದ್ದಲ್ಲ. ಇಪ್ಪತ್ತೆಂಟು ವರ್ಷ ನುಂಗಿದ್ದ ಹೆಸರು ಪೂರ್ತಿಯಾಗಿ, ಗಂಟಲು ಹರಿಯುವಂತೆ ಹೊರಬಿತ್ತು.

ಅವರು ಬೆಚ್ಚಿ ಬ್ರೇಕು ಒತ್ತಿದರು. ಗಾಡಿ ಗಡಗಡ ನಡುಗಿತು, ಬೆಲ್ಟು ನನ್ನ ಎದೆಗೆ ಕಚ್ಚಿತು, ನಾವು ನಿಂತೆವು. ಆ ಜರ್ಮನ್ ಹೆಣ್ಣುಮಗಳು ಬ್ರೇಕಿಗೆ ಹಾಕಿಸಿದ ಚರ್ಮ ಯಾಕೋ ನೆನಪಿಗೆ ಬಂತು. ಬಾನೆಟ್ಟಿನ ಮುಂದೆ ನನಗೆ ಕಾಲುಗಳು ಕಾಣಲಿಲ್ಲ. ಬಾಗಿಲು ತೆಗೆದು ಇಳಿದು ನೋಡಲು ಧೈರ್ಯ ಸಾಲಲಿಲ್ಲ, ಆದರೂ ಇಳಿದೆ. ಬಂಪರಿಗೂ ಆ ಚಪ್ಪಲಿಗೂ ನಡುವೆ ಒಂದು ಗೇಣು ಜಾಗವಿತ್ತು. ಅಡಿಯಲ್ಲಿ ಮಲಗಿದ್ದವನಿಗೆ ಏನೂ ಗೊತ್ತಾಗಿರಲಿಲ್ಲ. ಸುತ್ತಿಗೆಯಿಂದ ಏನನ್ನೋ ಬಡಿಯುತ್ತಲೇ ಇದ್ದ.

ನಾನು ರಸ್ತೆಯ ಪಕ್ಕದಲ್ಲಿ ಕುಕ್ಕರಿಸಿ ಕುಳಿತುಬಿಟ್ಟೆ. ಅವರು ನಿಧಾನ ಇಳಿದು ಬಂದರು. ಬಾಗಿ ಆ ಕಾಲುಗಳನ್ನು ಹತ್ತಿರದಿಂದ ನೋಡಿದರು.

"ಲಾರಿ ಕಂಡಿತ್ತು. ನಿಂತದ ಅಂತ ಗೊತ್ತಾಗಲಿಲ್ಲ. ಕಾಲು... ಕಾಲು ಕಾಣಲೇ ಇಲ್ಲ" ಎಂದರು. ನನ್ನ ಪಕ್ಕದಲ್ಲೇ ಕುಳಿತು ಹೇಳಿದರು, "ಕಣ್ಣ ನಡುವಿಗಿ ಒಂದು ಕರೀ ಮಚ್ಚಿ ಬಂದಾದ. ಆರು ತಿಂಗಳಾತು. ನಿನಗ ಹೇಳಲಿಕ್ಕಿ ಅಂಜಿಕಿ ಬಂತು."

"ನನಗ ಗೊತ್ತದ. ನನಗೂ ಹೇಳಲಿಕ್ಕಿ ಅಂಜಿಕಿನೇ ಬಂತು" ಎಂದೆ. ಒಂದೇ ಮನೆಯಲ್ಲಿ ಒಂದೇ ಭಯವನ್ನು ಇಬ್ಬರೂ ಬೇರೆ ಬೇರೆ ಬಚ್ಚಿಟ್ಟುಕೊಂಡಿದ್ದೆವು. ಚೀಲದಿಂದ ಲೈಸೆನ್ಸ್ ತೆಗೆದು ಅವರ ಕೈಗೆ ಕೊಟ್ಟೆ. ಕಣ್ಣಿಗೆ ಹತ್ತಿರ ಹಿಡಿದು, ಓರೆ ಮಾಡಿ, ತುಂಬ ಹೊತ್ತು ನೋಡಿದರು.

"ಯಾವಾಗ ಕಲತಿ? ನನಗ ಹೇಳಲೇ ಇಲ್ಲಲ್ಲ!"

"ನಿಮ್ಮ ಜರ್ಮನ್ ಹೆಣ್ಣಮಗಳು ಗಂಡಗ ಹೇಳಿ ಹೋಗಿದ್ದಳೇನ್ರಿ?"

ಅವರು ನಕ್ಕರೋ ಅತ್ತರೋ ತಿಳಿಯಲಿಲ್ಲ. ಕೀಲಿ ನನ್ನ ಅಂಗೈಯಲ್ಲಿಟ್ಟರು.

ಆ ಗಾಡಿಗೆ ಕ್ಲಚ್ಚೇ ಇಲ್ಲ. ನನ್ನ ಎಡಗಾಲು ಅದನ್ನು ಹುಡುಕಿ ಹೋಗಿ ಬ್ರೇಕನ್ನೇ ತುಳಿಯಿತು, ಇಬ್ಬರೂ ಮುಗ್ಗರಿಸಿದೆವು. "ಎಡಗಾಲು ಮಡಚಿ ಹಿಂದಕ ಇಟಗೋ. ಅದಕ ಕೆಲಸಿಲ್ಲ" ಎಂದರು. ಚಿತ್ತಾಪುರ ದಾಟಿ ವಾಡಿ ಮುಟ್ಟುವ ತನಕ ನನ್ನ ಬೆನ್ನು ಸೀಟಿಗೆ ತಾಗಲೇ ಇಲ್ಲ. ಮನಸ್ಸಿನಲ್ಲಿ ಬಂದ ದೇವರನ್ನೆಲ್ಲ ಕರೆದೆ.

ಮಗಳು ಕೈತುಂಬ ಹಸಿರು ಬಳೆ ಹಾಕಿಕೊಂಡು ಬಾಗಿಲಿಗೆ ಬಂದಳು. ನಾನು ಸ್ಟೇರಿಂಗಿನ ಹಿಂದೆ ಇರುವುದನ್ನು ಕಂಡು ಹೌಹಾರಿದಳು.

"ಅಪ್ಪಾ, ಯವ್ವ ಯಾಕ ಗಾಡಿ ಹೊಡೀಲಿಕತ್ತಾಳ?"

ಅವರೇ ಉತ್ತರಿಸಿದರು. "ಹಳದಿ ದೀಪ ಹತ್ಯಾದವ್ವ. ನನಗ ಕಾಣೂದಿಲ್ಲ, ನಿಮ್ಮವ್ವಗ ಕಾಣ್ತದ."

ಮರಳಿ ಬರುವಾಗ ಮೊದಲ ಉಬ್ಬಿನ ಹತ್ತಿರ ನಿಲ್ಲಿಸಿದೆ. ತುಂಬಿದ ಬಸುರಿಯನ್ನು ಇಳಿಸುವಂತಿರಲಿಲ್ಲ. ಅವರೇ ಇಳಿದರು. ಗಾಡಿಯ ಪಕ್ಕ, ರಸ್ತೆಯ ಕಡೆಯೇ ಬಾಗಿ ನಿಂತು, "ಬಾ, ಸಾವಕಾಶ ಬಾ. ತಳಾ ತಾಗಿದ್ರ ಹೇಳ್ತೀನಿ. ಕೇಳಲಿಕತ್ತೀನಿ ನಾ" ಎಂದು ಕೈಬೀಸಿದರು. ಹಿಂದಿನಿಂದ ಒಂದು ಟ್ಯಾಂಕರ್ ಹಾರ್ನ್ ಹೊಡೆಯುತ್ತ ಬರುತ್ತಿತ್ತು. ಅವರು ಕಿವಿಯನ್ನು ನಮ್ಮ ಗಾಡಿಯ ಹೊಟ್ಟೆಗೇ ಕೊಟ್ಟು ನಿಂತಿದ್ದರು. ನಾನು ಬಲಗಾಲನ್ನು ಬ್ರೇಕಿನ ಮೇಲೆ ಗಟ್ಟಿಯಾಗಿ ಒತ್ತಿ, ಕನ್ನಡಿಯಲ್ಲಿ ಅವರನ್ನೇ ನೋಡುತ್ತ, ಗಾಜು ಇಳಿಸಿ, ಅವರ ಹೆಸರನ್ನು ಮತ್ತೊಮ್ಮೆ ಕೂಗಲು ಬಾಯಿಗೆ ತಂದುಕೊಂಡೆ.