ಒಡ್ಡಿದ ಸೆರಗು

ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು ನಾನು. 'ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ' ಎಂಬ ಗಾದೆಯನ್ನು ಎಷ್ಟು ಮಕ್ಕಳಿಂದ ವಿಸ್ತರಿಸಿ ಬರೆಸಿದ್ದೇನೋ. ಅದಕ್ಕೆ ನಾನೇ ಉದಾಹರಣೆಯಾದದ್ದನ್ನು ಮಾತ್ರ ಯಾರಿಗೂ ಪೂರ್ತಿ ಹೇಳಿಲ್ಲ.

ದಾವಣಗೆರೆಯ ನಮ್ಮ ಬಡಾವಣೆಯ ಮಹಿಳಾ ಸಂಘದಲ್ಲಿ ಮೈಕು ಯಾವಾಗಲೂ ನನ್ನ ಪಾಲಿಗೇ. ಹೋದ ವರ್ಷ ಸ್ವಾತಂತ್ರ್ಯ ದಿನಕ್ಕೆ ಇಬ್ಬರು ಮಾಜಿ ಸೈನಿಕರನ್ನು ಹೆಂಡತಿಯರ ಸಮೇತ ಕರೆದು ಸನ್ಮಾನಿಸಿದೆವು. ಅವರ ಜೊತೆ ಹರಿಹರದ ಒಬ್ಬ ಹೆಣ್ಣುಮಗಳು. ಆಕೆಯ ಗಂಡ ಗಡಿಯಲ್ಲಿ ಹಿಮ ಕುಸಿದು ತೀರಿಕೊಂಡಿದ್ದ. ಆಕೆಗೆ ಮೂವತ್ತೈದು ದಾಟಿರಲಿಕ್ಕಿಲ್ಲ. ಕನಕಾಂಬರ ಬಣ್ಣದ ಸೀರೆ, ಹಣೆಯಲ್ಲಿ ಸಾಸಿವೆಯಷ್ಟು ಸ್ಟಿಕ್ಕರ್. 'ಇವರ ಯಜಮಾನರು ಸತ್ತಿಲ್ಲ, ಅಮರರಾಗಿದ್ದಾರೆ. ಈ ತಾಯಿ ವೀರಪತ್ನಿ' ಎಂದು ಮೈಕಿನಲ್ಲಿ ಹೇಳಿದೆ. ಚಪ್ಪಾಳೆ ಬಿತ್ತು. ನನ್ನ ಮಾತಿಗೆ ನನಗೇ ಕಣ್ಣು ತುಂಬಿತು.

ಶಾಲು, ಹಾರ ಮುಗಿದ ಮೇಲೆ ವೇದಿಕೆಯ ಹೆಂಗಸರಿಗೆ ಉಡಿ ತುಂಬುವ ಕೆಲಸವೂ ನನ್ನದೇ. ಹಣೆಗೆ ಕುಂಕುಮ ಇಟ್ಟು, ಅವರು ಒಡ್ಡಿದ ಸೆರಗಿಗೆ ಅಕ್ಕಿ, ತೆಂಗಿನಕಾಯಿ, ಬ್ಲೌಸ್ ಪೀಸ್ ಹಾಕಬೇಕು. ಮುಖ್ಯ ಅತಿಥಿಯ ಹೆಂಡತಿಗೆ ತುಂಬಿದೆ, ಸೈನಿಕರ ಹೆಂಡತಿಯರಿಗೆ ತುಂಬಿದೆ. ಕೊನೆಯ ಕುರ್ಚಿ ಆಕೆಯದು. ಆಗಲೇ ಎದ್ದು ನಿಂತು, ಎರಡೂ ಕೈಯಲ್ಲಿ ಸೆರಗು ಒಡ್ಡಿದ್ದಳು.

ನನ್ನ ಕೈ ಕುಂಕುಮದ ಬಟ್ಟಲಿನ ಮೇಲೇ ನಿಂತಿತು. ಗಂಡ ಸತ್ತವಳಿಗೆ ತುಂಬಬಹುದೋ, ಬಾರದೋ? ಕೆಳಗೆ ಕೂತವರು ಏನಂದಾರು? ಒಂದು ಬಾಳೆಹಣ್ಣನ್ನು ಆಕೆಯ ಸೆರಗಿಗೆ ಹಾಕಿ, ಕೈ ಮುಗಿದು, ತಟ್ಟೆ ಎತ್ತಿಕೊಂಡು ಇಳಿದುಬಿಟ್ಟೆ. ತಿರುಗಿ ನೋಡಿದಾಗ ಆಕೆ ಹಣ್ಣನ್ನು ಕೈಗೆ ತೆಗೆದುಕೊಂಡು ಸೆರಗನ್ನು ಹೆಗಲಿಗೆ ಸರಿಮಾಡಿಕೊಳ್ಳುತ್ತಿದ್ದಳು.

ಮನೆಗೆ ಬಂದು ಯಜಮಾನರ ಮುಂದೆ ವಾದಕ್ಕೆ ನಿಂತೆ. 'ಅಷ್ಟ್ ಜನದ ಮುಂದೆ ಹೆಂಗ್ ತುಂಬ್ಲಿ ಹೇಳ್ರಿ? ನಾಕ್ ಮಂದಿ ಆಡ್ಕಳ್ಳಲ್ವಾ?'

ಅವರು ಪೇಪರಿನಿಂದ ತಲೆ ಎತ್ತಲಿಲ್ಲ. 'ಜನದ ಮ್ಯಾಲೆ ಹಾಕ್‌ಬ್ಯಾಡ' ಅಂದರು.

ಸಿಟ್ಟು ಬಂತು, ಆದರೆ ಊಟ ಸೇರಲಿಲ್ಲ. ಕಣ್ಣು ಮುಚ್ಚಿದರೆ ಆ ಸೆರಗು, ಅದರೊಳಗೆ ಒಂದೇ ಬಾಳೆಹಣ್ಣು. ನಾಚಿಕೆಯಿಂದ ಮೈಯೆಲ್ಲ ಬಿಸಿಯಾಗುತ್ತಿತ್ತು.

ಶುಕ್ರವಾರ ಕುಂಕುಮ, ಅಕ್ಕಿ, ಕಾಯಿ, ಬ್ಲೌಸ್ ಪೀಸ್ ಚೀಲಕ್ಕೆ ಹಾಕಿಕೊಂಡು ಹರಿಹರದ ಬಸ್ಸು ಹತ್ತಿದೆ. 'ಬರ್ರಿ ಮೇಡಂ, ಕೂಡ್ರಿ' ಎಂದು ಆಕೆ ಚಹಾ ಕೊಟ್ಟಳು. ಗೋಡೆಯ ಮೇಲೆ ಸಮವಸ್ತ್ರದಲ್ಲಿ ಗಂಡನ ಫೋಟೋ. ಅದರ ಮೇಲೆ ಅವತ್ತು ನಾವು ಆಕೆಗೆ ಹಾಕಿದ್ದ ಹಾರ, ಬಾಡಿತ್ತು. 'ತಪ್ಪಾತವ್ವ' ಎಂದೆ.

'ಇರ್ಲಿ ಬಿಡ್ರಿ. ಯಾರ ಮದುವ್ಯಾಗಾದ್ರೂ ನಾನೇ ಹಿಂದೆ ನಿಂತ್ಕಂತೀನಿ. ಅವತ್ತು ನೀವು ಮೈಕ್‌ನಾಗೆ ಅವ್ರು ಸತ್ತಿಲ್ಲ, ಅಮರ ಅಂದ್ರಲ್ಲ, ಅದನ್ನ ಖರೇ ಅನ್ಕಂಡು ಸೆರಗು ಒಡ್ಡಿದೆ.'

ಎದ್ದು ಆಕೆಯ ಹಣೆಗೆ ಕುಂಕುಮ ಇಟ್ಟು, ಕೈ ತುಂಬ ಅಕ್ಕಿ ಹಾಕಿ ಉಡಿ ತುಂಬಿದೆ. ಆಕೆ ಕಣ್ಣು ಮುಚ್ಚಿದ್ದಳು. ಸುಳ್ಳೇಕೆ ಹೇಳಲಿ, ನನ್ನ ಮನಸ್ಸು ಹಗುರಾಯಿತು. ಸಂಘದ ಮುಂದಿನ ಸಭೆಯಲ್ಲಿ ಇದನ್ನು ಹೇಗೆ ಹೇಳಬೇಕೆಂದು ಆಗಲೇ ವಾಕ್ಯ ಜೋಡಿಸತೊಡಗಿದ್ದೆ.

ಹೊರಟು ನಿಂತಾಗ ಆಕೆ, 'ಒಂದ್ನಿಮಿಷ ತಡೀರಿ, ಕುಂಕುಮ ತಗಂಡ್ ಹೋಗ್ರಿ' ಎಂದು ಒಳಗಿನಿಂದ ಭರಣಿ ತಂದಳು. ಬೆರಳು ಅದ್ದಿ ನನ್ನ ಹಣೆಯ ಕಡೆ ಕೈ ಚಾಚಿದಳು.

ನನ್ನ ತಲೆ ಹಿಂದಕ್ಕೆ ಸರಿಯಿತು. ಬೇಕೆಂದು ಸರಿಸಲಿಲ್ಲ, ತಾನಾಗಿಯೇ ಸರಿಯಿತು.

ಆಕೆಯ ಬೆರಳು ಅಲ್ಲೇ ನಿಂತಿತು. ಮುಖದಲ್ಲಿ ಸಿಟ್ಟಿರಲಿಲ್ಲ. ಭರಣಿಯನ್ನು ಟೀಪಾಯಿಯ ಮೇಲಿಟ್ಟು, 'ನೀವೇ ಹಚ್ಕಳ್ರಿ ಮೇಡಂ' ಎಂದಳು.

ಹಚ್ಚಿಕೊಂಡೆ. ಮನೆಯಲ್ಲಿ ನಾವಿಬ್ಬರೇ ಇದ್ದೆವು. ಆಡಿಕೊಳ್ಳುವ ನಾಕು ಮಂದಿ ಅಲ್ಲಿ ಯಾರೂ ಇರಲಿಲ್ಲ.